ಸೋದರತ್ತೆಯ ಬೆನ್ನು

ಯಾದಗಿರಿಯ ಬಸ್ ನಿಲ್ದಾಣದಲ್ಲಿ ಸುರಪುರದ ಬಸ್ಸಿಗೆ ಕಾಯುತ್ತ ನಾವು ಮೂವರು ಕುಳಿತಿದ್ದೆವು: ನಾನು, ನನ್ನ ಅಕ್ಕ, ಮತ್ತು ಐದು ತಿಂಗಳ ಬಸುರಿ ವೈನಿ. ಪಕ್ಕದ ಕಲ್ಲುಬೆಂಚಿನಲ್ಲಿ ಶೇಂಗಾ ಸುಲಿಯುತ್ತಿದ್ದ ಹೆಂಗಸೊಬ್ಬಳು ವೈನಿಯ ಹೊಟ್ಟೆ ನೋಡಿದಳು, ಮುಖ ನೋಡಿದಳು, ಕೊನೆಗೆ ಬರಿಗೊರಳು ನೋಡಿದಳು.

"ಎಷ್ಟರಾಗ ಅದೀಯವ್ವ?"

"ಐದರಾಗ ರೀ," ಎಂದಳು ವೈನಿ.

"ಗಂಡ ಬಂದಿಲ್ಲೇನು ಜೋಡಿಗಿ?"

"ಗಂಡ ಇಲ್ರಿ. ಇವ್ರು ಬಂದಾರ." ವೈನಿ ಅಕ್ಕನ ಕಡೆ ಕೈ ತೋರಿಸಿದಳು.

"ಇಕಿ ಏನಾಗಬೇಕು ನಿನಗ?"

"ನಮ್ಮ ಮನಿಯವ್ರು."

ಹೆಂಗಸಿನ ಕೈಯಲ್ಲಿದ್ದ ಶೇಂಗಾ ಅಲ್ಲೇ ನಿಂತಿತು. "ಹಂಗಂದ್ರ?"

"ಹಂಗಂದ್ರ ನನಗ ಹಸಿವಾದಾಗ ರೊಟ್ಟಿ ಬಡಿಯೋರು, ಸಿಟ್ಟು ಬಂದಾಗ ಬೈಸಿಕೊಳ್ಳೋರು. ನಿಮ್ಮ ಮನಿಯವ್ರು ರೊಟ್ಟಿ ಬಡಿತಾರೇನ್ರಿ?"

"ನಮ್ಮವ್ನಾ? ಬಡದಿಟ್ಟಿದ್ದು ತಿನ್ನಾಕ ಅವಂಗ ಬ್ಯಾಸರ." ಅವಳು ಜೋರಾಗಿ ನಕ್ಕಳು. ನಕ್ಕ ಮೇಲೆ ಇನ್ನೇನು ಕೇಳಬೇಕೆಂದು ತಿಳಿಯದೆ, ಸುಲಿದ ಕಾಳನ್ನೆಲ್ಲ ವೈನಿಯ ಸೆರಗಿಗೆ ಸುರಿದು, "ತಿನ್ನು, ಕೂಸಿಗಿ ಚಲೋ," ಎಂದಳು.

ಆ ಸಂಜೆ ಈ ಮಾತುಕತೆಯನ್ನು ತಾರೀಖು ಹಾಕಿ ಬರೆದುಕೊಂಡೆ. ಬರೆದಿಡುವುದು ನನ್ನ ಹೊಟ್ಟೆಪಾಡು ಕೂಡ. ಶಹಾಪುರದ ಹತ್ತಿರ ಕಾಲುವೆಯ ನೀರಿನ ಮಟ್ಟವನ್ನು ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನೋಡಿ ದಾಖಲಿಸುವ ಗುತ್ತಿಗೆ ಕೆಲಸ ನನ್ನದು. ನೀರು ಒಂದಿಷ್ಟು ಇಳಿದಿದೆ ಎಂದು ಅಂದಾಜಿನಲ್ಲಿ ಹೇಳಿದರೆ ಕಾಲುವೆಯ ಕೊನೆಯಲ್ಲಿ ಭತ್ತ ಹಚ್ಚಿದವರು ಒಪ್ಪುವುದಿಲ್ಲ; ಅಳತೆಗೋಲಿನ ಮೇಲೆ ಕಂಡದ್ದನ್ನೇ ಬರೆಯಬೇಕು. ಆ ಅಭ್ಯಾಸ ಮನೆಗೂ ಬಂದು ದಿನಚರಿಯಾಯಿತು. ವೈನಿ ಬಸುರಿ ಎಂದು ತಿಳಿದ ದಿನದಿಂದ, ಆ ಇಬ್ಬರನ್ನು ಜನ ಕೇಳುವ ಪ್ರಶ್ನೆಗಳಿಗೆ ಒಂದೊಂದು ಗೆರೆ ಎಳೆಯುತ್ತ ಬಂದೆ. ಅವರಿಗೂ ಅದು ಗೊತ್ತಿತ್ತು. ಭಾನುವಾರ ನಾನು ಯಾದಗಿರಿಯ ಅವರ ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಅಕ್ಕ ಕೇಳುತ್ತಿದ್ದಳು: "ಈ ವಾರ ಯಾವ ಪ್ರಶ್ನಿ ಗೆದ್ದದ?" ಅವಳ ಷರತ್ತು ಒಂದೇ, ಯಾರ ಹೆಸರನ್ನೂ ಬರೆಯಬಾರದು. ಯಾದಗಿರಿ, ಶಹಾಪುರ, ಸುರಪುರ ಮೂರನ್ನೂ ಕೂಡಿಸಿದರೆ ಒಂದು ಓಣಿ ಆಗುತ್ತದೆ ಎಂಬುದು ಅವಳ ವಾದ. ಹಾಗಾಗಿ ಇಲ್ಲಿಯೂ ಹೆಸರುಗಳಿಲ್ಲ.

ವೈನಿ ಎಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ನನಗೆ ಅಣ್ಣನಿಲ್ಲ, ನಾವು ಇಬ್ಬರೂ ಹೆಣ್ಣುಮಕ್ಕಳೇ. ಅಕ್ಕ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ವೈನಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಸುರಪುರದ ಹತ್ತಿರದ ದೇವಾಪುರದವಳು. ಅವರು ಒಂದೇ ಮನೆ ಹಿಡಿದು ಐದು ವರ್ಷ ದಾಟಿದೆ. ನಾನು ಮೊದಲ ಸಲ ಅಲ್ಲಿಗೆ ಊಟಕ್ಕೆ ಹೋದಾಗ ನೀರು ಕೇಳಲು ಅವಳನ್ನು ಏನೆಂದು ಕರೆಯಬೇಕೋ ತಿಳಿಯದೆ ವೈನಿ ಎಂದುಬಿಟ್ಟೆ. ಅವಳು ತಂಬಿಗೆ ಹಿಡಿದುಕೊಂಡೇ ತಿರುಗಿ, "ಇನ್ನೊಮ್ಮಿ ಕರಿ," ಎಂದಳು. ಕರೆದೆ. ಆಮೇಲೆ ಆ ಮನೆಯಲ್ಲಿ ನನಗೆ ನೀರು ಕೇಳಿ ಕುಡಿಯುವ ಪ್ರಸಂಗ ಬಂದಿಲ್ಲ.

ಕೂಸು ಬೇಕೆಂದು ಇಬ್ಬರೂ ಕೂಡಿ ನಿರ್ಧರಿಸಿದರು, ಹೈದರಾಬಾದಿನ ಆಸ್ಪತ್ರೆಗೆ ಇಬ್ಬರೂ ಕೂಡಿ ಓಡಾಡಿದರು. ಒಂಟಿ ಹೆಣ್ಣು ದಾನಿಯ ನೆರವಿನಿಂದ ಬಸುರಾಗುವ ಚಿಕಿತ್ಸೆ ಪಡೆಯಲು ಕಾನೂನು ಬಿಡುತ್ತದೆ. ಹಾಗಾಗಿ ಕಾಗದದಲ್ಲಿ ವೈನಿ ಒಂಟಿ ಹೆಣ್ಣು. ಅಕ್ಕ ಜೊತೆಗೆ ಬಂದವಳು, ಅಷ್ಟೇ.

ನನ್ನ ಹಾಳೆಯಲ್ಲಿ ಎರಡು ಕಡೆ ಇದ್ದವು. ಎಡಗಡೆ, ಗೊತ್ತಿಲ್ಲದೆ ಕೇಳಿದವರು. ಬಲಗಡೆ, ಚುಚ್ಚಲಿಕ್ಕೆ ಕೇಳಿದವರು. ವಿಭಾಗ ಮಾಡಿದ್ದು ನಾನೇ. ಮೊದಮೊದಲು ಬಲಗಡೆಯೇ ತುಂಬಿ ಹೋಗುತ್ತಿತ್ತು. "ಗಂಡ ಏನ್ ಮಾಡ್ತಾರ?" ಎಂಬುದು ಎಲ್ಲಕ್ಕಿಂತ ಮುಂದೆ. "ಇವ್ರು ಏನಾಗಬೇಕು?" ಅದರ ಹಿಂದೆಯೇ. ನಮ್ಮ ಕಡೆ ಹೊಸಬರು ಕಂಡರೆ ಮೊದಲು ಜಾತಿ ತಿಳಿದುಕೊಂಡೇ ಚಹಾ ಕೇಳುವುದು. ನಾವು ಲಿಂಗ ಕಟ್ಟಿಕೊಳ್ಳುವ ಮನೆಯವರು, ವೈನಿಯ ಮನೆಯಲ್ಲಿ ಬುದ್ಧನ ಪಟಕ್ಕೆ ಕೈಮುಗಿಯುತ್ತಾರೆ. ಬೇರೆ ಸಮಯವಾಗಿದ್ದರೆ ಅದೊಂದೇ ಸಾಕಾಗುತ್ತಿತ್ತು. ಆದರೆ ಆ ತಿಂಗಳುಗಳಲ್ಲಿ ಜಾತಿಯ ಪ್ರಶ್ನೆ ಮೂರನೆಯ ಸ್ಥಾನಕ್ಕೆ ಇಳಿದಿತ್ತು. ಅದನ್ನು ಹೇಳಿದಾಗ ವೈನಿ ಹೊಟ್ಟೆ ಹಿಡಿದುಕೊಂಡು ನಕ್ಕಳು: "ನೋಡು, ಜಿಲ್ಲಾಕ್ಕ ನಾವು ಎಷ್ಟು ಉಪಕಾರ ಮಾಡೀವಿ."

ಭಾನುವಾರದ ಊಟದ ಮೇಲೆ ವೈನಿ ನನ್ನ ಹಾಳೆ ಇಸಿದುಕೊಂಡು ಪೆನ್ಸಿಲಿನಿಂದ ತಿದ್ದುತ್ತಿದ್ದಳು. ಬಲಗಡೆಯವರನ್ನು ಎಡಗಡೆಗೆ ತರುವುದೇ ಅವಳ ಕೆಲಸ. ಮನೆಯ ಮಾಲಕಿಯ ವಿಷಯದಲ್ಲಿ ನಮಗೆ ಜಗಳವೇ ಆಯಿತು. ಆ ಮುದುಕಿ ಬಾಗಿಲಲ್ಲಿ ನಿಂತು, "ನಿಮ್ಮಿಬ್ಬರೊಳಗ ಗಂಡ ಯಾರ, ಹೇಣ್ತಿ ಯಾರ?" ಎಂದು ಕೇಳಿದ್ದಳು. ಅಕ್ಕ ತಡಮಾಡದೆ, "ಗ್ಯಾಸ್ ಖಾಲಿ ಆದಾಗ ನಾ ಗಂಡ, ಹಲ್ಲಿ ಬಂದಾಗ ಆಕಿ ಗಂಡ," ಎಂದಿದ್ದಳು. ನಾನು ಮಾಲಕಿಯನ್ನು ಬಲಗಡೆ ಹಾಕಿದ್ದೆ.

"ತಪ್ಪು," ಎಂದಳು ವೈನಿ. "ಆಕಿ ಖರೇನ ಗೊತ್ತಿಲ್ದ ಕೇಳ್ಯಾಳ. ಎಪ್ಪತ್ತು ವರ್ಷದಾಗ ಒಂದ ಥರದ ಮನಿ ನೋಡ್ಯಾಳ. ನಾ ದಿನಾ ಸೂಜಿ ಹಿಡಿಯಾಕಿ. ಚುಚ್ಚೋರ ಕೈ ಹೆಂಗ ಬರ್ತದ ನನಗ ಗೊತ್ತದ. ಈ ಮುದುಕಿ ಕೈಯಾಗ ಸೂಜಿ ಇರಲಿಲ್ಲ."

"ಮತ್ತ ಇನ್ನೊಮ್ಮಿ ಕೇಳಿದ್ರ?"

"ಕೇಳ್ಲಿ. ಈ ಸಲ ಜಿರಳಿ ಬಂದಾಗ ಯಾರು ಗಂಡ ಅಂತ ಹೇಳ್ತೀನಿ."

ಮುದುಕಿ ಮತ್ತೆ ಕೇಳಲಿಲ್ಲ. ಏಳನೆಯ ತಿಂಗಳಿನಿಂದ ಅವಳು ದಿನವೂ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದಳು. ನಾನು ಅವಳನ್ನು ಎಡಗಡೆಗೆ ತಂದೆ.

ಆದರೆ ಬಲಗಡೆ ಉಳಿದವರೂ ಇದ್ದರು. ಸ್ಕ್ಯಾನಿಂಗಿನ ಸಾಲಿನಲ್ಲಿ ಕುಳಿತಿದ್ದ ಒಬ್ಬಳು, ತಾನೂ ಬಸುರಿ, ವೈನಿಯ ಕಥೆಯನ್ನೆಲ್ಲ ಸಾವಧಾನವಾಗಿ ಕೇಳಿಸಿಕೊಂಡು ಕೊನೆಗೆ ಅಂದಳು: "ನೀವೇನೋ ಮಜಾ ಮಾಡ್ತೀರಿ. ನಾಳಿ ಸಾಲ್ಯಾಗ ಅಪ್ಪನ ಹೆಸರು ಕೇಳಿದಾಗ ಆ ಕೂಸು ಯಾರ ಮುಖ ನೋಡಬೇಕು?" ಅಕ್ಕ ಎದ್ದು ವೈನಿಗೆ ನೀರು ತಂದುಕೊಟ್ಟಳು. ಆಟೋದಲ್ಲಿ ಮನೆ ಹತ್ತಿರವಾದಾಗ ವೈನಿ, "ಇದನ್ನ ಬಲಗಡಿಗಿ ಹಾಕು. ನಾ ತಿದ್ದೂದಿಲ್ಲ," ಎಂದಳು. ಮಾರನೆಯ ದಿನ ಲ್ಯಾಬಿಗೆ ಎಂದಿನಂತೆ ಹೋದಳು. ಪ್ರಶ್ನೆಗಳಿಗೆ ಹೆದರಿ ರಜೆ ಹಾಕಿದ ಒಂದು ದಿನವೂ ನನ್ನ ದಿನಚರಿಯಲ್ಲಿ ಇಲ್ಲ, ಇಬ್ಬರದೂ.

ಶಹಾಪುರದ ನಮ್ಮ ಮನೆಯಲ್ಲಿ ನಾನೂ ಅವ್ವನೂ ಇಬ್ಬರೇ. ಅಪ್ಪ ಹೋದ ಮೇಲೆ ಮನೆಯ ಮುಂಭಾಗದ ಕಿರಾಣಿ ಅಂಗಡಿಯನ್ನು ಅವ್ವನೇ ನಡೆಸುತ್ತಾಳೆ. ಅವಳು ಅಕ್ಕನ ಯಾದಗಿರಿ ಮನೆಯ ಮೆಟ್ಟಿಲನ್ನು ಒಮ್ಮೆಯೂ ತುಳಿದಿರಲಿಲ್ಲ. ಬೈದಿರಲಿಲ್ಲ, ಅತ್ತಿರಲಿಲ್ಲ, ಹಬ್ಬಕ್ಕೆ ಅಕ್ಕ ಬಂದರೆ ಹೋಳಿಗೆ ಬಡಿಸುತ್ತಿದ್ದಳು, ವೈನಿಯ ಮಾತು ಬಂದರೆ ಎದ್ದು ಅಂಗಡಿಗೆ ಹೋಗುತ್ತಿದ್ದಳು. ಗಿರಾಕಿಗಳು ಬೇಳೆ ಕಟ್ಟಿಸಿಕೊಳ್ಳುತ್ತ, "ದೊಡ್ಡಾಕಿ ಲಗ್ನ ಯಾವಾಗ್ರಿ?" ಎಂದರೆ, "ಆಕಿ ನೌಕರಿ ಮಾಡ್ತಾಳ," ಎನ್ನುತ್ತಿದ್ದಳು.

ಅವ್ವನ ಪ್ರಶ್ನೆಗಳಿಗೆ ನಾನು ಬೇರೆ ಹಾಳೆ ಇಟ್ಟಿದ್ದೆ, ಏಕೆಂದರೆ ಅವು ಎಡಕ್ಕೂ ಸೇರುತ್ತಿರಲಿಲ್ಲ, ಬಲಕ್ಕೂ ಸೇರುತ್ತಿರಲಿಲ್ಲ. ಬಸುರಿನ ಸುದ್ದಿ ಹೇಳಿದ ದಿನ ಅವಳು ಕೇಳಿದ್ದು, "ಕೇಳಿದ ಮಂದಿಗಿ ನಾ ಏನಂತ ಹೇಳ್ಲಿ?" ಅದನ್ನೇ ಎರಡು ತಿಂಗಳು ಕೇಳಿದಳು. ಆಮೇಲೆ ಒಂದು ಸಂಜೆ ಸಕ್ಕರೆ ತೂಗುತ್ತ, ತಕ್ಕಡಿಯಿಂದ ಕಣ್ಣು ತೆಗೆಯದೆ, "ವಾಂತಿ ನಿಂತಾವೇನು ಆಕಿಗಿ?" ಎಂದಳು.

"ಯಾರಿಗಿ?" ಎಂದೆ ನಾನು.

"ಯಾರಿಗಿ ಅಂದ್ರ? ಊರಾಗ ಎಷ್ಟ ಮಂದಿ ವಾಂತಿ ಮಾಡ್ಕೋತ ಕೂತಾರ?"

ನಿಂತಿವೆ ಎಂದೆ. ಅವಳು ಸಕ್ಕರೆಯ ಪೊಟ್ಟಣಕ್ಕೆ ದಾರ ಸುತ್ತಿದಳು.

ಹೆರಿಗೆ ಯಾದಗಿರಿಯಲ್ಲೇ ಆಯಿತು, ಹೆಣ್ಣು ಕೂಸು. ಪ್ರಶ್ನೆಗಳ ರೂಪ ಆ ದಿನದಿಂದಲೇ ಬದಲಾಯಿತು. "ಇಬ್ಬರೊಳಗ ನಿಜವಾದ ತಾಯಿ ಯಾರು?" ಎಂದು ವಾರ್ಡಿನ ಪಕ್ಕದ ಮಂಚದವರು. "ಇಬ್ಬರಿಗೂ ಹಾಲು ಬರ್ತಾವೇನ್ರಿ?" ಎಂದು ಅವರನ್ನು ನೋಡಲು ಬಂದವರು. ಅಕ್ಕ ರಾತ್ರಿಯೆಲ್ಲ ಕೂಸನ್ನು ಎದೆಗೆ ಹಾಕಿಕೊಂಡು ಓಡಾಡಿದವಳು, "ಹಾಲು ಆಕಿದು, ನಿದ್ದಿಗೆಟ್ಟ ಕಣ್ಣು ನನ್ನವು. ಈಗ ನೀವ ಹಂಚ್ರಿ," ಎಂದಳು. ಆಸ್ಪತ್ರೆಯಿಂದ ಬಿಡುವಾಗ ಕೂಸನ್ನು ಯಾರ ಕೈಗೆ ಕೊಟ್ಟೆವು ಎಂದು ಸಹಿ ಮಾಡಿಸುವ ನರ್ಸ್, ಕೆಟ್ಟ ಮನಸ್ಸೇನೂ ಇಲ್ಲದೆ, ಕೇಳಿದಳು: "ನೀವು ಕೂಸಿಗಿ ಏನಾಗಬೇಕ್ರಿ?" ಅಕ್ಕ ಪೆನ್ನು ಹಿಡಿದು ನಿಂತಳು. ಆಮೇಲೆ 'ಪರಿಚಿತರು' ಎಂದು ಬರೆದಳು. ಗಣಿತ ಕಲಿಸುವ ಅವಳ ದುಂಡು ಅಕ್ಷರ ಆ ಪದದಲ್ಲಿ ಮಾತ್ರ ಸೊಟ್ಟಗಿತ್ತು.

ಆ ವಾರ ಅವ್ವ ಅಂಟಿನ ಉಂಡಿ ಕಟ್ಟಿದಳು. ಅಂಟು, ಕೊಬ್ಬರಿ, ಉತ್ತತ್ತಿ ಹಾಕಿ ಬಾಣಂತಿಯರಿಗೆ ಮಾಡುವ ಉಂಡಿ ಅದು. "ನಿನಗ ಮಾಡೇನಿ. ನಡು ನೋವು ಅಂತಿದ್ದೆಲ್ಲ," ಎಂದು ಡಬ್ಬಿ ತುಂಬಿ ಕೊಟ್ಟಳು. ನಡು ನೋವೆಂದು ನಾನು ಯಾವತ್ತೂ ಹೇಳಿಲ್ಲ. ಡಬ್ಬಿಯನ್ನು ಯಾದಗಿರಿಗೆ ಒಯ್ದೆ. ಅಕ್ಕ ಒಂದು ಉಂಡಿ ಮುರಿದು ಮೂಸಿ ನೋಡಿದಳು. "ಯಾಲಕ್ಕಿ ಹಾಕ್ಯಾಳ. ಸಿಟ್ಟು ಇದ್ರ ಆಕಿ ಯಾಲಕ್ಕಿ ಹಾಕೂದಿಲ್ಲ."

ಅವತ್ತೇ ಸಂಜೆ, ಮಾಳಿಗೆಯ ಮೇಲೆ ಕೂಸಿನ ಬಟ್ಟೆ ಹರವುತ್ತಿದ್ದಾಗ, ಅಕ್ಕ ತನಗೆ ಬೇಕಾದದ್ದನ್ನು ಹೇಳಿದಳು. ಅಲ್ಲಿಯವರೆಗೆ ಅವಳು ಯಾರಿಂದಲೂ ಏನನ್ನೂ ಬೇಡಿದ್ದು ನಾನು ಕಂಡಿರಲಿಲ್ಲ.

ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ, ಅಂದರೆ ತಂದೆಯ ತಂಗಿಯೋ ಅಕ್ಕನೋ. ತೊಟ್ಟಿಲ ಮೇಲೆ ಬಾಗಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರನ್ನು ಉಸುರುತ್ತಾಳೆ. ಅವಳು ಬಾಗಿದಾಗ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ತಮಾಷೆಗೇ, ಆದರೆ ಮೆಲ್ಲಗೆ ಅಲ್ಲ. ಗುದ್ದು ತಿಂದವಳೇ ಆ ಕೂಸಿಗೆ ಅತ್ತೆ, ಜೀವ ಇರುವ ತನಕ.

"ಕಾಗದದಾಗ ನನ್ನ ಹೆಸರು ಬರೂದಿಲ್ಲ, ಅದು ನನಗ ಗೊತ್ತದ," ಎಂದಳು ಅಕ್ಕ. "ತೊಟ್ಟಲ ಮುಂದರ ಬರ್ಲಿ. ನೀ ಅತ್ತಿ ಆದ್ರ ನಾ ಕೂಸಿಗಿ ಏನಾಗಬೇಕು ಅಂತ ಮತ್ಯಾರೂ ಕೇಳಬೇಕಾಗಿಲ್ಲ."

"ನಾ ಇಡ್ತೀನಿ ಬಿಡು ಹೆಸರು. ಅದೇನು ದೊಡ್ಡದು?"

"ನೀನಾಗಿ ಮುಂದ ಬಂದ್ರ ನಡಿಯಂಗಿಲ್ಲ. ಅತ್ತಿನ್ನ ಆಕಿ ಮನಿ ಹಿರ್ಯಾರು ಮುಂದ ಕಳಸಬೇಕು. ನಮ್ಮ ಮನ್ಯಾಗ ಹಿರ್ಯಾರು ಯಾರು ಉಳದಾರ?"

ಉಳಿದಿದ್ದವಳು ಅವ್ವ ಒಬ್ಬಳೇ. ಕರೆಯಲು ಅಕ್ಕನಿಗೆ ಧೈರ್ಯವಿರಲಿಲ್ಲ. ಇಷ್ಟು ಜನರಿಗೆ ಉತ್ತರ ಹೇಳಿದವಳಿಗೆ ಈ ಒಂದು ಪ್ರಶ್ನೆ ಕೇಳಲು ಬಾಯಿ ಬರಲಿಲ್ಲ. ನಾನೇ ಕೇಳಿದೆ. ತೊಟ್ಟಿಲ ಕಾರ್ಯ ದೇವಾಪುರದಲ್ಲಿ ವೈನಿಯ ತವರಿನಲ್ಲಿ ಇದೆ, ಬರುತ್ತೀಯೇನು ಎಂದೆ. ಅತ್ತೆಯ ಮಾತು ಎತ್ತಲಿಲ್ಲ.

"ಕೂಸಿನ ಮುಖ ನೋಡಿ ಮುಂದಿನ ಬಸ್ಸಿಗಿ ತಿರುಗಿ ಬರೂದ," ಎಂದಳು ಅವ್ವ. "ಕೂಡೂದಿಲ್ಲ, ಉಣ್ಣೂದಿಲ್ಲ. ಮೊದಲ ಹೇಳೇನಿ."

ಸುರಪುರದಲ್ಲಿ ಬಸ್ಸಿಳಿದು ಟಂಟಂ ಆಟೋ ಹಿಡಿದು ದೇವಾಪುರ ಮುಟ್ಟಿದಾಗ ಬಿಸಿಲು ಏರಿತ್ತು. ವೈನಿಯ ಅವ್ವ ಕಾಲಿಗೆ ನೀರು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ದಿನವೂ ಹೊಲದ ಕೂಲಿಗೆ ಹೋಗುವ ಗಟ್ಟಿ ಹೆಂಗಸು. "ಬರ್ರಿ ಬೀಗಿತ್ತಿ, ಬರ್ರಿ," ಎಂದಳು. ಮಕ್ಕಳನ್ನು ಕೊಟ್ಟು ತಂದವರು ಒಬ್ಬರನ್ನೊಬ್ಬರು ಹಾಗೆ ಕರೆಯುತ್ತಾರೆ, ಮತ್ತು ಬೀಗರನ್ನು ಕಾಡದೆ ಬಿಡುವುದು ನಮ್ಮಲ್ಲಿ ಮರ್ಯಾದೆಯಲ್ಲ. "ಐದು ವರ್ಷಾತು ಹಾದಿ ನೋಡಾಕತ್ತು. ಶಹಾಪುರದ ಬಸ್ ಕೆಟ್ಟಿತ್ತೇನ್ರಿ?"

ಅವ್ವ ಕಾಲು ತೊಳೆದುಕೊಳ್ಳುತ್ತ ತಲೆ ಎತ್ತದೆ ಹೇಳಿದಳು: "ಬಸ್ ಚಲೋನ ಇತ್ರಿ. ಹತ್ತೋರ ಕಾಲು ಕೆಟ್ಟಿದ್ವು."

ಒಳಗೆ ಬಂದರೂ ಅವಳು ಕೂಡಲಿಲ್ಲ. ಹೆಗಲಿನ ಚೀಲ ಇಳಿಸದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ನಡುಮನೆಯಲ್ಲಿ ತೊಟ್ಟಿಲು ಕಟ್ಟಿತ್ತು. ಮೇಲೆ ಗೋಡೆಯಲ್ಲಿ ಬುದ್ಧನ ಪಟ, ಅದಕ್ಕೆ ಹೊಸ ಸೇವಂತಿಗೆ ಮಾಲೆ. ಓಣಿಯ ಹೆಂಗಸರು ಗುಂಡುಕಲ್ಲಿಗೆ ಎಣ್ಣೆ ಹಚ್ಚಿ, ಕೂಸಿನ ಕುಲಾಯಿ ತೊಡಿಸಿ, ಅದನ್ನು ಮೊದಲು ತೊಟ್ಟಿಲಲ್ಲಿ ಮಲಗಿಸಿ ತೂಗಿದರು. ಕೂಸು ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು. ಆಮೇಲೆ ಕೂಸನ್ನು ಮಲಗಿಸಿದರು. ಅಕ್ಕ ತೊಟ್ಟಿಲ ಹಗ್ಗ ಹಿಡಿದಿದ್ದಳು. ವೈನಿ ಹಸಿರು ಸೀರೆಯಲ್ಲಿ ಎದುರಿಗೆ ಕುಳಿತಿದ್ದಳು.

ಕಾರ್ಯ ನಡೆಸುತ್ತಿದ್ದ ಹಿರಿಯಳು ಕೇಳಿದಳು: "ಅತ್ತಿ ಎಲ್ಲದಾಳ? ಕರೀರಿ ಜಲ್ದಿ."

ಆಗ ಬಾಜು ಮನೆಯ ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಗುತ್ತ ಮುಂದೆ ಬಂದಳು. ಹಿರಿಯಳು ನಮ್ಮ ಕಡೆ ತಿರುಗಿ, "ಗಂಡಿನ ಕಡಿ ಯಾರೂ ಇಲ್ಲಲ್ರಿ, ಅದಕ್ಕ ಈಕಿನ್ನ ಒಪ್ಪಸೀವಿ. ಕೂಸಿಗಿ ಅತ್ತಿ ಇಲ್ಲ ಅನ್ನಂಗ ಆಗಬಾರದು," ಎಂದಳು. ಸೋದರತ್ತೆ ಇಲ್ಲದ ಮನೆಯಲ್ಲಿ ಹೀಗೆ ಒಬ್ಬಳನ್ನು ಕಡ ತರುವುದು ರೂಢಿ. ಅವರು ಪ್ರೀತಿಯಿಂದಲೇ ಮಾಡಿದ್ದರು. ಆ ಸೊಸೆ ಇದಕ್ಕೆಂದೇ ಹೊಸ ಕುಬಸ ತೊಟ್ಟಿದ್ದಳು. ವೈನಿಯ ಲೆಕ್ಕದಲ್ಲಿ ಇದು ಎಡಗಡೆಗೇ ಹೋಗಬೇಕು. ಆದರೆ ಅಕ್ಕನ ಕೈ ಹಗ್ಗದ ಮೇಲೆ ನಿಂತುಬಿಟ್ಟಿತು. ಮನೆಯ ಬಾಗಿಲಲ್ಲಿ, ವಾರ್ಡಿನಲ್ಲಿ ತಡಮಾಡದೆ ಉತ್ತರ ಕೊಟ್ಟವಳು ಈಗ ಹಗ್ಗದ ಗಂಟನ್ನೇ ನೋಡುತ್ತಿದ್ದಳು. ವೈನಿ ಅವಳನ್ನು ನೋಡುತ್ತಿದ್ದಳು. ನಾನಾಗಿ ಮುಂದೆ ಹೋಗುವಂತಿರಲಿಲ್ಲ.

"ಅತ್ತಿ ಇಲ್ಲಂತ ಯಾರು ಹೇಳಿದ್ರು ನಿಮಗ?"

ಬಾಗಿಲಿನಿಂದ ಬಂದ ದನಿ. ಅಂಗಡಿಯಲ್ಲಿ ಬಾಕಿ ತೀರಿಸದವರ ಜೊತೆ ಮಾತಾಡುವ ದನಿ.

"ಮತ್ತ್ಯಾರ್ರೀ?" ಎಂದಳು ಹಿರಿಯಳು.

"ನನ್ನ ದೊಡ್ಡ ಮಗಳ ಕೂಸು ಇದು. ಆಕಿ ತಂಗಿ ಕಂಬದಂಗ ಇಲ್ಲಿ ನಿಂತಾಳ. ಕಣ್ಣಿಗಿ ಬೀಳವಲ್ಲಳೇನು?"

ಹಿರಿಯಳು ವಿಚಾರಕ್ಕೆ ಬಿದ್ದಳು. "ಅಕ್ಕನ ಕೂಸಿಗಿ ತಂಗಿ ಸಣ್ಣವ್ವ ಆಗ್ತಾಳಲ್ರಿ ಬೀಗಿತ್ತಿ. ಅತ್ತಿ ಹೆಂಗಾಗ್ತಾಳ?"

ಎಲ್ಲರೂ ಅವ್ವನ ಕಡೆ ತಿರುಗಿದರು. ಪ್ರಶ್ನೆ ನ್ಯಾಯವಾದದ್ದೇ. ಅವ್ವ ಚೀಲವನ್ನು ಹೆಗಲಿನಿಂದ ಇಳಿಸಿ ನೆಲಕ್ಕಿಟ್ಟಳು.

"ಹಡದಾಕಿ ನಿಮ್ಮ ಮಗಳು. ಸಣ್ಣವ್ವದೇರು ಈ ಓಣಿ ತುಂಬ ಅದಾರ. ಈ ಕೂಸಿಗಿ ಆ ಕಡಿ ಮನಿ ಅಂದ್ರ ನಮ್ಮನಿ. ಆ ಮನಿಯಿಂದ ಬಂದಾಕಿ ಅತ್ತಿನ. ನಾ ಅಜ್ಜಿ, ನಾ ಕಳಸಾಕತ್ತೇನಿ. ಇನ್ನೇನರ ಕೇಳೂದದೇನು?"

"ಇನ್ನೇನಿಲ್ರಿ," ಎಂದಳು ಹಿರಿಯಳು. "ಬೆನ್ನ ಗಟ್ಟಿ ಅದ ಏನು ಅಂತ ಕೇಳಬೇಕಿತ್ತು."

ನಡುಮನೆ ನಗೆಯಿಂದ ತುಂಬಿತು. ಬಾಜು ಮನೆಯ ಸೊಸೆ, "ನನ್ನ ಬೆನ್ನ ಉಳೀತ್ರಿ, ಪುಣ್ಯ ಬರ್ಲಿ ನಿಮಗ," ಎನ್ನುತ್ತ ನನ್ನನ್ನು ತೊಟ್ಟಿಲ ಕಡೆಗೆ ನೂಕಿದಳು. ಬಾಗಿದೆ. ಕೂಸಿನ ಕಿವಿಯಲ್ಲಿ ಹಾಲಿನ ವಾಸನೆ ಇತ್ತು. 'ಕುರ್ರ್' ಎಂದು ಅಕ್ಕ ವೈನಿ ಕೂಡಿ ಆರಿಸಿದ ಹೆಸರನ್ನು ಹೇಳಿದೆ, ಮೊದಲ ಗುದ್ದು ಬಿತ್ತು. ರೂಢಿಯ ಮೇಲೆ ಎಣಿಸತೊಡಗಿದೆ. ಹತ್ತಿ ಬಿಡಿಸುವ ಕೈಗಳು, ಭತ್ತ ಹಚ್ಚುವ ಕೈಗಳು. ವೈನಿಯ ಅವ್ವನದಂತೂ ಮೊಣಕಾಲು ಸಡಿಲಿಸುವಂಥದ್ದು. ಲೆಕ್ಕ ತಪ್ಪಿತು. ಎಲ್ಲ ಮುಗಿಯಿತೆಂದು ಏಳುವಷ್ಟರಲ್ಲಿ ಇನ್ನೊಂದು ಬಿತ್ತು. ಬಳೆ ಸದ್ದಿನಿಂದ ಅವ್ವನ ಕೈ ಎಂದು ತಿಳಿಯಿತು. ಗುದ್ದಿದ ಕೈಯನ್ನು ಅವಳು ತಕ್ಷಣ ತೆಗೆಯಲಿಲ್ಲ. ಅಕ್ಕ ಹಗ್ಗ ಎಳೆದಳು, ತೊಟ್ಟಿಲು ತೂಗಿತು.

ಮುಂದಿನ ಬಸ್ಸು ಹೋಯಿತು. ಅದರ ಮುಂದಿನದೂ ಹೋಯಿತು. ಅವ್ವ ಕೂತು ಉಂಡಳು, ವಿಧವೆಯೆಂದು ಯಾರೂ ತಡೆಯದ ಆ ಮನೆಯಲ್ಲಿ ವೈನಿಯ ಉಡಿ ತುಂಬಿದಳು, ಹೋಳಿಗೆಗೆ ಬೆಲ್ಲ ಕಡಿಮೆಯಾಗಿದೆ ಎಂದು ಬೀಗಿತ್ತಿಯನ್ನು ಕಾಡಿದಳು. ಸಂಜೆ ಸುರಪುರದಲ್ಲಿ ಶಹಾಪುರದ ಬಸ್ಸು ಹತ್ತಿದಾಗ ಪಕ್ಕದ ಸೀಟಿನಲ್ಲಿದ್ದ ಹೆಂಗಸು ಅವಳ ಮಡಿಲಲ್ಲಿದ್ದ ಸೇವಂತಿಗೆ, ಎಲೆಅಡಿಕೆ ನೋಡಿ ಮಾತಿಗೆಳೆದಳು.

"ಯಾವ ಕಾರ್ಯಕ್ಕ ಹೋಗಿದ್ರಿ?"

"ಮೊಮ್ಮಗಳ ತೊಟ್ಟಲಕ್ಕ," ಎಂದಳು ಅವ್ವ.

"ಮಗನ ಮಗಳೋ, ಮಗಳ ಮಗಳೋ?"

"ಮಗಳ ಮಗಳು."

"ಹಂಗಾದ್ರ ಬಾಣಂತನ ನಿಮ್ಮನ್ಯಾಗ ಆಗಬೇಕಿತ್ತಲ್ರಿ? ನೀವ್ಯಾಕ ಅಲ್ಲಿಗಿ ಹೋದ್ರಿ?"

ಅವ್ವ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಸೆರಗು ಎಳೆದುಕೊಂಡು, ಸೀಟಿನಲ್ಲಿ ಸರಿದು ಜಾಗ ಮಾಡಿದಳು. "ಈ ಕಡಿ ಬರ್ರಿ," ಎಂದಳು. "ಶಹಾಪುರ ಬರೂತನಕ ಟೈಮ್ ಅದ. ಮೊದಲಿಂದ ಹೇಳ್ತೀನಿ."

ನಾನು ಬೆನ್ನು ಆನಿಸಲಾರದೆ ಮುಂದಿನ ಸೀಟಿನ ಸರಳು ಹಿಡಿದುಕೊಂಡು ಕೇಳುತ್ತ ಕುಳಿತೆ.